ಮಣ್ಣಿಲ್ಲದೆ ಬೆಳೆಯುವ ಬೇರು
(ಶಾಲೆಯ ಶತಮಾನೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ನಾವು ವ್ಯಾಸಂಗ ಮಾಡಿದ್ದು ಕನ್ನಡ ಸಾಹಿತ್ಯವನ್ನು. ಆದರೂ ವಿಜ್ಞಾನ ಗೋಷ್ಠಿಯಲ್ಲಿ ಮಾತನಾಡಲು ಒಪ್ಪಿದ್ದಕ್ಕೆ ಎಂಟನೆಯ ತರಗತಿಯ ಬಾಲಕಿಯೊಬ್ಬಳ ಪ್ರಶ್ನೆಯೇ ಕಾರಣ. ಔಷಧಿ ಸಸ್ಯಗಳ ಪಾಠದ ದಿನ ಅವಳು ಹಿತ್ತಲಿನ ಅಶ್ವಗಂಧದ ಗಿಡವನ್ನು ಬೇರುಸಹಿತ ಕಿತ್ತು ತಂದಿದ್ದಳು. ಅವಳ ಅಜ್ಜಿ ಅದನ್ನು ಹಿರೇಮದ್ದು ಎನ್ನುತ್ತಾರೆ. ನೆರೆಮನೆಯ ತೆಲುಗಿನವರಿಗೆ ಅದು ಪೆನ್ನೇರು ಗಡ್ಡ. “ಮದ್ದು ಬೇರಿನಾಗ ಐತಿ ಅಂತೀರಿ. ಬೇರು ಕಿತ್ತರ ಗಿಡ ಸಾಯತೈತಲ್ರೀ ಮೇಡಂ?” ಎಂದು ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ. ವಿಜ್ಞಾನ ಶಿಕ್ಷಕರೊಡನೆ ಕುಳಿತು ಓದಿ ತಿಳಿದುದನ್ನು ಇಂದು ತಮ್ಮ ಮುಂದೆ ನಿವೇದಿಸುತ್ತೇವೆ.

ಮಗುವಿನ ಸಂದೇಹ ದಿಟವಾದುದು. ಎಲೆ ಕೊಯ್ದರೆ ಗಿಡ ಮರಳಿ ಚಿಗುರುತ್ತದೆ. ಬೇರು ಅಗೆದರೆ ಗಿಡವೇ ಹೋಗುತ್ತದೆ. ಉಪ್ಪಿನಕಾಯಿಗೆ ಬಳಸುವ ಮಾಗಳಿ ಬೇರಿನ ಬಳ್ಳಿ ಹೀಗೆ ಅಗೆದು ಅಗೆದೇ ಕಾಡಿನಲ್ಲಿ ವಿರಳವಾಗಿದೆ. ಅಶ್ವಗಂಧವನ್ನು ಹೊಲದಲ್ಲಿ ಬೆಳೆಯಬಹುದು. ಆದರೆ ಬೇರು ಕೈಗೆ ಬರಲು ಸುಮಾರು 5-6 ತಿಂಗಳು ಬೇಕು. ಮಳೆ, ಮಣ್ಣು, ತಳಿಗಳು ಬೇರೆಯಾದಂತೆ ಅದರಲ್ಲಿರುವ ವಿಥನೋಲೈಡ್ ಎಂಬ ಸಂಯುಕ್ತಗಳ ಪ್ರಮಾಣವೂ ಬೇರೆಯಾಗುತ್ತದೆ.

ಇದಕ್ಕೆ ವಿಜ್ಞಾನಿಗಳು ಕಂಡುಕೊಂಡ ಒಂದು ಮಾರ್ಗ ರೋಮಬೇರುಗಳ ಕೃಷಿ. ಮಣ್ಣಿನಲ್ಲಿ ಅಗ್ರೋಬ್ಯಾಕ್ಟೀರಿಯಂ ರೈಜೋಜೀನ್ಸ್ ಎಂಬ ಬ್ಯಾಕ್ಟೀರಿಯಾ ಉಂಟು. ಅದು ಸಸ್ಯದ ಗಾಯದ ಮೂಲಕ ತನ್ನ ಕೆಲವು ವಂಶವಾಹಿಗಳನ್ನು ಸಸ್ಯಕೋಶಕ್ಕೆ ಸೇರಿಸುತ್ತದೆ. ಆಗ ಗಾಯವಾದಲ್ಲಿ ಕೂದಲಿನಂತಹ ಬೇರುಗಳು ಒಡೆಯುತ್ತವೆ. ಪ್ರಯೋಗಾಲಯದಲ್ಲಿ ಶುದ್ಧೀಕರಿಸಿದ ಎಲೆಯ ತುಣುಕಿಗೆ ಇದನ್ನೇ ಮಾಡಿಸಿ, ಬಳಿಕ ಆಂಟಿಬಯಾಟಿಕ್‌ನಿಂದ ಬ್ಯಾಕ್ಟೀರಿಯಾವನ್ನು ನಾಶಗೊಳಿಸುತ್ತಾರೆ. ಉಳಿದ ಬೇರನ್ನು ಸಕ್ಕರೆ ಮತ್ತು ಲವಣಗಳ ದ್ರಾವಣವಿರುವ ಗಾಜಿನ ಪಾತ್ರೆಯಲ್ಲಿಟ್ಟರೆ, ಹೊರಗಿನಿಂದ ಹಾರ್ಮೋನು ಕೊಡದೆಯೇ ಅದು ಕವಲೊಡೆದು ಬೆಳೆಯುತ್ತದೆ. ಎಲೆಯೂ ಇಲ್ಲ, ಮಣ್ಣೂ ಇಲ್ಲ. ಬೇರು ಮಾತ್ರ ಉಂಟು.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಎಚ್. ಎನ್. ಮೂರ್ತಿಯವರು ಇಂಗ್ಲೆಂಡ್ ಮತ್ತು ಕೊರಿಯಾದ ಸಂಶೋಧಕರೊಡನೆ ಅಶ್ವಗಂಧದ ಮೇಲೆ ಈ ಪ್ರಯೋಗ ನಡೆಸಿ 2008ರಲ್ಲಿ ಪ್ರಕಟಿಸಿದರು. ಪ್ರಯೋಗಾಲಯದಲ್ಲೇ ಬೆಳೆಸಿದ ಸಾಮಾನ್ಯ ಬೇರುಗಳಿಗಿಂತ ಈ ರೋಮಬೇರುಗಳಲ್ಲಿ ವಿಥನೋಲೈಡ್-ಎ 2.7 ಪಟ್ಟು ಇತ್ತು. ಕೊರಿಯಾದಲ್ಲಿ ಜಿನ್ಸೆಂಗ್ ಬೇರನ್ನು ಹಾರ್ಮೋನಿನ ನೆರವಿನಿಂದ 10,000 ಲೀಟರಿನ ತೊಟ್ಟಿಗಳಲ್ಲಿ ಬೆಳೆಸುವಷ್ಟು ಬೇರು ಕೃಷಿ ಮುಂದುವರಿದಿದೆ. ಆದರೆ ಪಾತ್ರೆಯಿಂದ ಕಾರ್ಖಾನೆಗೆ ಹೋಗುವ ದಾರಿ ದುಬಾರಿಯಾದುದು. ಒಂದು ಹನಿ ಸೋಂಕು ಇಡೀ ತೊಟ್ಟಿಯನ್ನು ಕೆಡಿಸಬಲ್ಲದು. ಆದುದರಿಂದ ರೈತನ ಹೊಲಕ್ಕೂ ಕಾಡಿನ ರಕ್ಷಣೆಗೂ ಇದು ಬದಲಿಯಲ್ಲ, ನೆರವು.

ಬಂಧುಗಳೇ, 1956ರವರೆಗೆ ಗದ್ವಾಲವು ರಾಯಚೂರು ಜಿಲ್ಲೆಯಲ್ಲಿತ್ತು. ಗಡಿ ಸರಿದರೂ ಇಲ್ಲಿನ ಅನೇಕ ಮನೆಗಳ ಮಾತು ಕನ್ನಡವಾಗಿಯೇ ಉಳಿದಿದೆ. ಆದರೂ ಪ್ರತಿ ಜೂನ್‌ನಲ್ಲಿ ಪೋಷಕರು ನಮ್ಮನ್ನು ಕೇಳುತ್ತಾರೆ: ಕನ್ನಡದಲ್ಲಿ ಓದಿದರೆ ವಿಜ್ಞಾನ ಬಂದೀತೇ? ಕೆಲವರು ಉತ್ತರಕ್ಕೆ ಕಾಯದೆ ವರ್ಗಾವಣೆ ಪತ್ರ ಪಡೆದು ಹೋಗುತ್ತಾರೆ. ಅವರ ಆತಂಕವನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಇಂಗ್ಲಿಷಿನ ಸಂಶೋಧನ ಲೇಖನಗಳನ್ನು ಓದುವ ಶಕ್ತಿ ನಮ್ಮ ಮಕ್ಕಳಿಗೂ ಬರಲೇಬೇಕು. ಅದನ್ನು ಕಲಿಸುವುದು ನಮ್ಮ ಹೊಣೆ. ಆದರೆ ವಿಜ್ಞಾನ ಮೊದಲಾಗುವುದು ಪ್ರಶ್ನೆಯಿಂದ, ಪ್ರಶ್ನೆ ಹುಟ್ಟುವುದು ಮನೆಮಾತಿನಲ್ಲಿ. ಆ ಬಾಲಕಿ ಕೇಳಿದ್ದೂ ಧಾರವಾಡದಲ್ಲಿ ಶೋಧಿಸಿದ್ದೂ ಒಂದೇ ಬೇರನ್ನು ಕುರಿತು.

ಹಳೆಯ ವಿದ್ಯಾರ್ಥಿಗಳಲ್ಲಿ ನಮ್ಮ ವಿನಂತಿ ಇಷ್ಟೆ: ಶತಮಾನೋತ್ಸವದ ನೆನಪಿಗೆ ಕಮಾನು ಬೇಡ; ಒಂದು ಸೂಕ್ಷ್ಮದರ್ಶಕವನ್ನೂ ಔಷಧಿ ವನಕ್ಕೆ ನೀರಿನ ಕೊಳವೆಯನ್ನೂ ಕೊಡಿಸಿರಿ. ಅಂದು ತಂದ ಗಿಡ ಬಾಡಿಹೋಯಿತು. ಅದರ ಕೆಂಪು ಹಣ್ಣುಗಳ ಬೀಜವನ್ನು ಅವಳೇ ಶಾಲೆಯ ಬೇಲಿಯ ಪಕ್ಕದಲ್ಲಿ ಬಿತ್ತಿದ್ದಾಳೆ. ಹೋಗುವಾಗ ದಯವಿಟ್ಟು ಆ ಸಸಿಗಳನ್ನು ನೋಡಿ ಹೋಗಿರಿ.