ನೈರೋಬಿಗೆ ಹೊರಟವರಿಗೆ ನಾಲ್ಕು ಮಾತು

(ಪ್ರೇಷಿತ ಭಾನುವಾರದ ಸಂಜೆ ನಮ್ಮ ದೇವಾಲಯದ ಸಭಾಂಗಣದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಶತಮಾನೋತ್ಸವದ ಈ ವರ್ಷದಲ್ಲಿ ನಮ್ಮ ಧರ್ಮಕೇಂದ್ರದ ಇಬ್ಬರು, ಬಿ.ಟಿ.ಎಂ. ಬಡಾವಣೆಯ ಒಬ್ಬ ನರ್ಸ್ ಮತ್ತು ಬನಶಂಕರಿಯ ಒಬ್ಬ ತರುಣ ಉಪಾಧ್ಯಾಯ, ನಿರಾಶ್ರಿತರ ಸೇವೆಗಾಗಿ ಎರಡು ವರ್ಷಗಳ ಮಟ್ಟಿಗೆ ಕೀನ್ಯಾ ದೇಶದ ನೈರೋಬಿ ನಗರಕ್ಕೆ ಹೊರಟಿದ್ದಾರೆಂಬುದು ನಿಮಗೆಲ್ಲ ತಿಳಿದ ವಿಷಯ. ಆ ನಗರದಲ್ಲಿ ಕೆಲವು ವರ್ಷ ಗುರುಸೇವೆ ಸಲ್ಲಿಸಿದವನೆಂಬ ಕಾರಣದಿಂದ, ಅಲ್ಲಿನ ಮೊದಲ ದಿನಗಳ ಬಗೆಗೆ ನಾಲ್ಕು ಮಾತು ಹೇಳಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದ್ದಾರೆ.

ಆದರೆ ಅದಕ್ಕೂ ಮೊದಲು ಉತ್ತರಿಸಬೇಕಾದ ಪ್ರಶ್ನೆಯೊಂದಿದೆ. ಹೊರಟಿರುವ ಮಗಳ ತಾಯಿ ಕಳೆದ ವಾರ ನನ್ನನ್ನು ಕಂಡು, "ಸ್ವಾಮಿ, ನಮ್ಮ ಬೆಂಗಳೂರಲ್ಲೇ ಬಡವರು ಇಲ್ಲವೇ? ಅಷ್ಟು ದೂರ ಯಾಕೆ ಹೋಗಬೇಕು?" ಎಂದು ಕೇಳಿದರು. ಸುಲಭವಾಗಿ ತಳ್ಳಿಹಾಕುವ ಮಾತಲ್ಲ ಅದು. 1957ರಲ್ಲಿ ಜಗದ್ಗುರು ಹನ್ನೆರಡನೆಯ ಪಯಸ್ ಅವರು 'ಫಿದೇಯಿ ದೋನುಮ್' ಎಂಬ ವಿಶ್ವಪತ್ರದಲ್ಲಿ, ತಮ್ಮಲ್ಲಿ ಗುರುಗಳ ಕೊರತೆಯಿದ್ದರೂ ಆಫ್ರಿಕಕ್ಕೆ ಕೆಲವರನ್ನು ಕಳುಹಿಸಿಕೊಡಿರೆಂದು ಮೇತ್ರಾಣಿಗಳನ್ನು ಕೇಳಿಕೊಂಡರು. ಮಿಕ್ಕದ್ದನ್ನು ಕೊಡುವುದು ಬೇರೆ, ಬೇಕಾದದ್ದರಲ್ಲೇ ಪಾಲು ಕೊಡುವುದು ಬೇರೆ. ಆ ತಾಯಿ ಕೊಡುತ್ತಿರುವುದು ಎರಡನೆಯದನ್ನು. ಅವರ ಕಣ್ಣೀರನ್ನು ಅವಿಶ್ವಾಸವೆಂದು ಯಾರೂ ಎಣಿಸಬಾರದು.

ಇನ್ನೊಂದು ಮಾತು. ನಮ್ಮ ನಾಡಿಗೂ ಹೀಗೆಯೇ ಪರದೇಶದಿಂದ ಜನ ಬಂದರು. 1799ರಲ್ಲಿ ಶ್ರೀರಂಗಪಟ್ಟಣದ ಪತನವಾದ ಮೇಲೆ, ಚದುರಿಹೋದ ಕ್ರೈಸ್ತರನ್ನು ಒಗ್ಗೂಡಿಸಲು ಫ್ರಾನ್ಸಿನ ಅಬ್ಬೆ ದುಬುವಾ ಮೈಸೂರು ಸೀಮೆಗೆ ಬಂದರು. ನಮ್ಮವರಂತೆಯೇ ಉಡುಪು ಧರಿಸಿ, ಮಾಂಸಾಹಾರ ಬಿಟ್ಟು, ಜನರ ಭಾಷೆ ಕಲಿತರು. ಜನರ ಬಾಯಲ್ಲಿ 'ದೊಡ್ಡಸ್ವಾಮಿಯವರು' ಆದರು. 1803-04ರಲ್ಲಿ ಸಿಡುಬಿನ ವಿರುದ್ಧ 25 ಸಾವಿರಕ್ಕೂ ಹೆಚ್ಚು ಜನರಿಗೆ ದೇವಿ ಹಾಕಿಸಿದರು. ಅವರ ಗ್ರಂಥದ ಅಭಿಪ್ರಾಯಗಳೆಲ್ಲ ನನಗೆ ಒಪ್ಪಿಗೆಯಲ್ಲ. ನಮ್ಮ ಜನರ ಬಗೆಗೆ ಕಟುವಾಗಿ ಬರೆದ ಪುಟಗಳು ಅದರಲ್ಲಿವೆ. ಆದರೂ ಅವರ ಹೆಜ್ಜೆಗಳ ಕ್ರಮವನ್ನು ಗಮನಿಸಬೇಕು. ಮೊದಲು ಊಟ, ಉಡುಪು, ಭಾಷೆ. ಸೂಜಿಯನ್ನು ಕೈಗೆತ್ತಿಕೊಂಡದ್ದು ಆಮೇಲೆ. ಆ ವೇಳೆಗೆ ಜನರು ಅವರನ್ನು ನಂಬಿ ತೋಳು ಚಾಚುತ್ತಿದ್ದರು.

ಇನ್ನು ನೈರೋಬಿಯ ವಿಷಯ. ಮೊಂಬಾಸಾ ಬಂದರಿನಿಂದ ಒಳನಾಡಿಗೆ ರೈಲುಹಾದಿ ಹಾಕುತ್ತಿದ್ದಾಗ 1899ರಲ್ಲಿ ಒಂದು ತಂಗುದಾಣವಾಗಿ ಹುಟ್ಟಿದ ಊರು ಅದು. ಆ ಹಾದಿಗಾಗಿ ಭಾರತದಿಂದ ಸುಮಾರು 32 ಸಾವಿರ ಕೂಲಿಯಾಳುಗಳನ್ನು ಕರೆದೊಯ್ದರು. ಅವರಲ್ಲಿ ಸುಮಾರು 2,500 ಮಂದಿ ಅಲ್ಲೇ ಮಣ್ಣಾದರು. ಆದ್ದರಿಂದ ಭಾರತೀಯರ ಮುಖ ಅಲ್ಲಿನವರಿಗೆ ಹೊಸದಲ್ಲ. ಅಂಗಡಿಯ ಮಾಲೀಕನಾಗಿ, ಗುತ್ತಿಗೆದಾರನಾಗಿ, ಕೆಲಸ ಕೊಟ್ಟ ಧಣಿಯಾಗಿ ಅವರು ನಮ್ಮನ್ನು ಬಲ್ಲರು. ನೀವು ಬಾಯಿ ತೆರೆಯುವ ಮುನ್ನವೇ ನಿಮ್ಮ ಬಗೆಗೆ ಒಂದು ಅಭಿಪ್ರಾಯ ಸಿದ್ಧವಾಗಿರುತ್ತದೆ. ಅದಕ್ಕೆ ನೊಂದುಕೊಳ್ಳಬೇಡಿ. ಪಾರ್ಕ್‌ಲ್ಯಾಂಡ್ಸ್ ಬಡಾವಣೆಯಲ್ಲಿ ಗೋವೆಯ ಕ್ಯಾಥೋಲಿಕರು ಬಹುಕಾಲದಿಂದ ನಡೆದುಕೊಳ್ಳುವ ಸಂತ ಫ್ರಾನ್ಸಿಸ್ ಕ್ಸೇವಿಯರರ ದೇವಾಲಯವಿದೆ. ಹಬ್ಬಕ್ಕೆ ಅಲ್ಲಿಗೆ ಹೋಗಿ. ಆದರೆ ಮೊದಲ ತಿಂಗಳಿನ ಭಾನುವಾರಗಳನ್ನೆಲ್ಲ ಅಲ್ಲೇ ಕಳೆಯಬೇಡಿ. ಸ್ವದೇಶದವರ ನಡುವಿನ ಹಿತ ಬಹಳ ಸೆಳೆಯುತ್ತದೆ. ಒಮ್ಮೆ ಅದಕ್ಕೆ ಒಗ್ಗಿದರೆ ಎರಡು ವರ್ಷ ಕಳೆದರೂ ಸ್ವಾಹಿಲಿ ನಾಲಗೆಗೆ ಬಾರದು.

ಸ್ವಾಹಿಲಿ ಕನ್ನಡಿಗನಿಗೆ ತೀರ ಅಪರಿಚಿತವೇನಲ್ಲ. ಸಾಬೂನಿಗೆ ಅವರು 'ಸಬೂನಿ' ಎನ್ನುತ್ತಾರೆ, ಮೇಜಿಗೆ 'ಮೇಜಾ', ಗಾಡಿಗೆ 'ಗಾರಿ', ಸರ್ಕಾರಕ್ಕೆ 'ಸೆರಿಕಾಲಿ', ಹಣಕ್ಕೆ 'ಪೇಸಾ'. ಅರಬ್ಬೀ ಸಮುದ್ರದ ಹಡಗುಗಳು ಎರಡೂ ದಡಗಳಿಗೆ ಹಂಚಿದ ಸರಕು ಇದು. ಮೊದಲ ದಿನವೇ ಕಲಿಯಬೇಕಾದ ಮಾತು 'ಪೋಲೆ'. ಪರರ ನೋವಿಗೆ ನಾನೂ ಮರುಗುತ್ತೇನೆ ಎಂಬ ಅರ್ಥ ಅದಕ್ಕಿದೆ. ಸೊಮಾಲಿಯಾದಿಂದ, ಕಾಂಗೋದಿಂದ, ದಕ್ಷಿಣ ಸೂಡಾನಿನಿಂದ ಮನೆ ಮಠ ಬಿಟ್ಟು ಬಂದವರೆದುರು ಔಷಧಿಯ ಡಬ್ಬಿ ತೆರೆಯುವ ಮೊದಲು ಈ ಮಾತು ಬಾಯಲ್ಲಿರಲಿ.

ಗಡಿಯಾರದ ವಿಷಯದಲ್ಲಿ ಎಚ್ಚರ ಬೇಕು. ಸ್ವಾಹಿಲಿಯಲ್ಲಿ ಹೊತ್ತಿನ ಎಣಿಕೆ ಸೂರ್ಯೋದಯದಿಂದ ತೊಡಗುತ್ತದೆ. ನಮ್ಮ ಏಳು ಗಂಟೆ ಅವರಿಗೆ ಒಂದು, ನಮ್ಮ ಒಂಬತ್ತು ಅವರಿಗೆ ಮೂರು. ಯಾರಾದರೂ ತಮ್ಮ ಭಾಷೆಯಲ್ಲಿ ಬೆಳಗಿನ ಮೂರು ಗಂಟೆಗೆ ಬನ್ನಿ ಎಂದರೆ ನಡುರಾತ್ರಿಯಲ್ಲಿ ಎದ್ದು ಕೂರಬೇಕಾಗಿಲ್ಲ. ನಮ್ಮ ಹಿರಿಯರ ಗಳಿಗೆಯ ಲೆಕ್ಕವೂ ಸೂರ್ಯೋದಯದಿಂದಲೇ ಅಲ್ಲವೇ? ದ್ರಾಕ್ಷಿತೋಟದ ಕೂಲಿಗಳ ಸಾಮತಿಯಲ್ಲಿ ಮೂಲದ ಮೂರನೆಯ, ಆರನೆಯ, ಹನ್ನೊಂದನೆಯ ಗಂಟೆಗಳೂ ಇದೇ ಲೆಕ್ಕದವು. ಸೆಮಿನರಿಯಲ್ಲಿ ಅದನ್ನು ಟಿಪ್ಪಣಿಯಾಗಿ ಓದಿದ್ದೆ; ನೈರೋಬಿಯಲ್ಲಿ ಅದು ತರಕಾರಿ ಮಾರುವವಳ ಬಾಯಲ್ಲಿ ಕೇಳಿಬಂತು.

ಊಟದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಅವರ ನಿತ್ಯದ ಊಟ ಉಗಾಲಿ. ಮೆಕ್ಕೆಜೋಳದ ಹಿಟ್ಟನ್ನು ಕುದಿನೀರಿಗೆ ಹಾಕಿ ತೊಳಸಿದ ಮುದ್ದೆ ಅದು. ಜೊತೆಗೆ 'ಸುಕುಮಾ ವಿಕಿ' ಎಂಬ ಸೊಪ್ಪಿನ ಪಲ್ಯ. ಕೈಯಿಂದ ಮುರಿದು ತಿನ್ನುವುದನ್ನು ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ. ಮಾರುಕಟ್ಟೆಯಲ್ಲಿ 'ವಿಂಬಿ' ಎಂಬ ಕೆಂಪು ಕಾಳನ್ನು ಕಂಡರೆ ಕೈಯಲ್ಲಿ ಹಿಡಿದು ನೋಡಿ: ಅದೇ ನಮ್ಮ ರಾಗಿ. ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನಾಡು. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ಇಲ್ಲಿಗೆ ಬಂತು. ಬೆಂಗಳೂರು ಸೀಮೆಯ ರೈತನನ್ನು ಎಷ್ಟೋ ಬರಗಳಲ್ಲಿ ಬದುಕಿಸಿದ ಕಾಳು ಆ ಜನರ ಪೂರ್ವಜರು ಪಳಗಿಸಿದ್ದು. ನೆರವು ಕೊಡಲು ಹೋಗುತ್ತಿದ್ದೇವೆ ಎಂದು ಹೇಳಿಕೊಳ್ಳುವಾಗ ಈ ಹಳೆಯ ಋಣ ನೆನಪಿರಲಿ. ಆ ತಾಯಿಯವರು ಮಗಳ ಪೆಟ್ಟಿಗೆಯಲ್ಲಿ ರಾಗಿಹಿಟ್ಟನ್ನು ಕಟ್ಟಿಟ್ಟಿದ್ದಾರೆಂದು ಕೇಳಿದೆ. ಅಮ್ಮಾ, ಅದನ್ನು ತೆಗೆದು ಆ ಜಾಗದಲ್ಲಿ ಒಂದು ಸ್ವೆಟರು ಇಡಿ. ನೈರೋಬಿ ನಮ್ಮ ಊರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಎತ್ತರದಲ್ಲಿದೆ. ಜುಲೈ ತಿಂಗಳಲ್ಲಿ ಚಳಿ ನಡುಗಿಸುತ್ತದೆ.

ಪ್ರಭು ಯೇಸು ಎಪ್ಪತ್ತೆರಡು ಮಂದಿಯನ್ನು ಕಳುಹಿಸುವಾಗ ಹಣದ ಚೀಲವನ್ನೂ ಜೋಳಿಗೆಯನ್ನೂ ಬೇಡವೆಂದರು. ಹೊಕ್ಕ ಮನೆಯಲ್ಲಿ ಬಡಿಸಿದ್ದನ್ನು ಉಣ್ಣಲು ಹೇಳಿದರು. ಕೊಡಲು ಹೋದವರನ್ನು ಮೊದಲು ಪಡೆಯುವವರನ್ನಾಗಿ ಮಾಡಿದರು. ಆ ಇಬ್ಬರಿಗೂ ಹೇಳುವುದು ಇಷ್ಟೇ: ಮೊದಲ ವಾರಗಳಲ್ಲಿ ಯಾರಾದರೂ ಬಡವರು ಚಹಾಕ್ಕೆ ಕರೆದರೆ ನಿರಾಕರಿಸಬೇಡಿ. ಅವರ ಸಕ್ಕರೆ ಮುಗಿದೀತೆಂಬ ಕನಿಕರದಿಂದ ಬೇಡವೆಂದರೆ, ಅವರಿಗೆ ಉಳಿದಿರುವ ಆತಿಥ್ಯದ ಗೌರವವನ್ನೂ ನೀವೇ ಕಸಿದುಕೊಂಡಂತೆ.

ಉಳಿದದ್ದು ಸಣ್ಣಪುಟ್ಟ ವ್ಯವಹಾರ. ಹಳದಿ ಜ್ವರದ ಚುಚ್ಚುಮದ್ದನ್ನು ಹೊರಡುವುದಕ್ಕೆ ಹತ್ತು ದಿನ ಮುಂಚೆಯೇ ಹಾಕಿಸಿಕೊಂಡು ಪ್ರಮಾಣಪತ್ರವನ್ನು ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಳ್ಳಬೇಕು. ಹಿಂದಿರುಗುವಾಗ ನಮ್ಮ ದೇಶದವರೇ ಅದನ್ನು ಕೇಳುತ್ತಾರೆ. ನೈರೋಬಿಯಲ್ಲಿ ಮಲೇರಿಯದ ಭಯ ಕಡಿಮೆ. ಕಿಸುಮುವಿನ ಸರೋವರದ ಕಡೆಗೋ ಮೊಂಬಾಸಾ ಕರಾವಳಿಗೋ ಕೆಲಸದ ಮೇಲೆ ಕಳುಹಿಸಿದರೆ ಸೊಳ್ಳೆಪರದೆಯನ್ನು ಮರೆಯಬೇಡಿ.

ಬರುವ ಭಾನುವಾರ ಏಳು ಗಂಟೆಯ ಬಲಿಪೂಜೆಯಲ್ಲಿ ಇವರಿಬ್ಬರನ್ನೂ ಆಶೀರ್ವದಿಸಿ ಬೀಳ್ಕೊಡಲಿದ್ದೇವೆ. ಎಲ್ಲರೂ ಬರಬೇಕು. ಏಳು ಗಂಟೆ ಎಂದದ್ದು ನಮ್ಮ ಲೆಕ್ಕದಲ್ಲಿ.