ಹೊಸ ಶೋಧಗಳೂ ನಮ್ಮ ಹಳ್ಳಿಯ ಮಾದರಿಗಳೂ

(ಗುಂಜಹಳ್ಳಿಯ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ. ಬರಲಾಗದಿದ್ದ ಓದುಗರಿಗಾಗಿ ಅವರೇ ಬರೆದುಕೊಟ್ಟದ್ದು.)



ವೈದ್ಯಕೀಯ, ದನಕರುಗಳ ರೋಗ, ಒಕ್ಕಲುತನ, ಹೊಸ ಸಾಮಗ್ರಿಗಳು, ಇವುಗಳಲ್ಲಿ ಈಚೆಗೆ ನಡೆದ ಸಂಶೋಧನೆಗಳನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಹಿರಿಯರು ಅಪ್ಪಣೆ ಮಾಡಿದ್ದಾರೆ. ವಿಷಯ ಬಹಳ ದೊಡ್ಡದು. ನಾನು ಓದಿದ್ದು ಕೃಷಿ ಡಿಪ್ಲೊಮಾ. ಡಾಕ್ಟರನೂ ಅಲ್ಲ, ವಿಜ್ಞಾನಿಯೂ ಅಲ್ಲ. ಆದ್ದರಿಂದ ದೇಶದೇಶಗಳ ಶೋಧಗಳ ಪಟ್ಟಿಯನ್ನು ತಮ್ಮ ಮುಂದೆ ಓದುವುದಿಲ್ಲ. ರಾಯಚೂರು, ಮಾನ್ವಿ, ದೇವದುರ್ಗದ ಕಡೆಗೆ ಸಂಬಂಧಪಟ್ಟ ಕೆಲವನ್ನು ಮಾತ್ರ ಆರಿಸಿಕೊಂಡಿದ್ದೇನೆ. ಅವನ್ನು ಓದುತ್ತ ಹೋದಾಗ ನನಗೆ ಒಂದು ಸಂಗತಿ ಎದ್ದು ಕಂಡಿತು. ಪ್ರತಿಯೊಂದು ಶೋಧದ ಬುಡದಲ್ಲಿಯೂ ಯಾವುದೋ ಊರಿನಿಂದ ಹೋದ ಒಂದು ಮಾದರಿ ಇರುತ್ತದೆ. ಒಂದು ಹನಿ ರಕ್ತ, ಒಂದು ಬಾಟಲಿ ನೀರು, ಒಂದು ಹತ್ತಿಕಾಯಿ. ಅದು ಹೋಗದಿದ್ದರೆ ಎಷ್ಟು ದೊಡ್ಡ ವಿಜ್ಞಾನಿಯಾದರೂ ಕೈಕಟ್ಟಿ ಕೂಡಬೇಕು.

ಮೊದಲು ಮನುಷ್ಯರ ಬೇನೆಯ ಮಾತು. 2022ನೆಯ ಇಸವಿ ಡಿಸೆಂಬರಿನಲ್ಲಿ ಮಾನ್ವಿ ತಾಲೂಕಿನ ಹೆಸರು ಎಲ್ಲ ಪತ್ರಿಕೆಗಳಲ್ಲಿ ಬಂದದ್ದು ತಮಗೆ ನೆನಪಿರಬಹುದು. ಅಲ್ಲಿ ಜ್ವರ ಬಂದ ಒಂದು ಮಗುವಿನ ರಕ್ತವನ್ನು ಡೆಂಗೆ, ಚಿಕುನ್‌ಗುನ್ಯಾ ಇರಬಹುದೆಂಬ ಅನುಮಾನದಿಂದ ಪರೀಕ್ಷೆಗೆ ತೆಗೆದರು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಗೆ ಹೋದ ಮೂರು ಮಾದರಿಗಳಲ್ಲಿ ಒಂದರಲ್ಲಿ ಜಿಕಾ ವೈರಸ್ ಕಂಡಿತು. ಕರ್ನಾಟಕದಲ್ಲಿ ಜಿಕಾ ಪತ್ತೆಯಾದದ್ದು ಅದೇ ಮೊದಲು.

ಈ ವೈರಸ್ಸನ್ನು 1947ರಲ್ಲಿ ಆಫ್ರಿಕದ ಯುಗಾಂಡ ದೇಶದಲ್ಲಿ, ಜಿಕಾ ಎಂಬ ಕಾಡಿನ ಕೋತಿಯೊಂದರಲ್ಲಿ ಮೊದಲು ಕಂಡರು. ಬಹುಜನರಿಗೆ ಇದರಿಂದ ಸಣ್ಣ ಜ್ವರ, ಮೈಮೇಲೆ ದದ್ದು, ಅಷ್ಟೆ. ಅನೇಕರಿಗೆ ಅದೂ ಇಲ್ಲ. ಅಂಜಬೇಕಾದದ್ದು ಗರ್ಭಿಣಿಯರ ಸಲುವಾಗಿ. 2015ರಲ್ಲಿ ಬ್ರೆಜಿಲ್ ದೇಶದಲ್ಲಿ ಎಷ್ಟೋ ಕೂಸುಗಳು ಸಣ್ಣ ತಲೆಯೊಡನೆ ಹುಟ್ಟಿದಾಗ, ತಾಯಿಯ ಹೊಟ್ಟೆಯಲ್ಲಿಯೇ ಈ ವೈರಸ್ ಮಗುವಿನ ಮಿದುಳನ್ನು ಕೆಡಿಸುತ್ತದೆಂದು ಗೊತ್ತಾಯಿತು. ಇದನ್ನು ಹರಡುವುದು ಡೆಂಗೆಯ ಸೊಳ್ಳೆಯೇ, ಹಗಲು ಕಚ್ಚುವ ಈಡಿಸ್. ಅದು ಹುಟ್ಟುವುದು ಗಟಾರದಲ್ಲಲ್ಲ. ನಳ ಯಾವಾಗ ಬಂದೀತೋ ಎಂದು ನಾವು ತುಂಬಿಡುತ್ತೇವಲ್ಲ, ಆ ಡ್ರಮ್ಮು, ತೊಟ್ಟಿ, ಕೊಡಗಳ ತಿಳಿನೀರಿನಲ್ಲಿ. ಮೊಟ್ಟೆ ಡ್ರಮ್ಮಿನ ಗೋಡೆಗೆ ಅಂಟಿಕೊಂಡಿರುತ್ತದೆ. ನೀರು ಚೆಲ್ಲಿದರೆ ಸಾಲದು. ವಾರಕ್ಕೊಮ್ಮೆ ಒಳಗೋಡೆಯನ್ನು ತಿಕ್ಕಿ, ಒಣಗಿಸಿ, ಮತ್ತೆ ತುಂಬಿ ಬಾಯಿ ಮುಚ್ಚಬೇಕು.

ಪತ್ರಿಕೆಯಲ್ಲಿ ಬಂದು ತಾಲೂಕಿನ ಹೆಸರು ಕೆಟ್ಟಿತೆಂದು ಭಾವಿಸುವವರು ಇದ್ದಾರೆ. ನಾನು ಹಾಗೆ ಎಣಿಸುವುದಿಲ್ಲ. ವೈರಸ್ಸು ಮಾನ್ವಿಯಲ್ಲಿ ಮಾತ್ರ ಇತ್ತೆಂದು ಅದರ ಅರ್ಥವಲ್ಲ. ಮಾನ್ವಿಯಿಂದ ರಕ್ತದ ಮಾದರಿ ಹೋಗಿತ್ತೆಂದು ಅರ್ಥ. ಹಿಂದೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದ ಸುದ್ದಿ ಹೊರಬಿದ್ದದ್ದರಿಂದಲೇ ವಿಜ್ಞಾನಿಗಳು ಅಲ್ಲಿಗೆ ಬಂದರು, ಮಂಗನ ಕಾಯಿಲೆಯ ವೈರಸ್ಸು ಸಿಕ್ಕಿತು, ಉಣ್ಣಿಯಿಂದ ಅದು ಹರಡುತ್ತದೆಂದು ತಿಳಿಯಿತು. ಸತ್ತ ಮಂಗನನ್ನು ಕಂಡರೆ ಕೂಡಲೆ ತಿಳಿಸಿರೆಂದು ಮಲೆನಾಡಿನಲ್ಲಿ ಇಂದಿಗೂ ಹೇಳುತ್ತಾರೆ.

ಇನ್ನು ದನಕರುಗಳು. ನಮ್ಮ ಅಜ್ಜಂದಿರು ದೊಡ್ಡರೋಗ ಎಂದರೆ ನಡುಗುತ್ತಿದ್ದರು. ಆ ರೋಗ ಭೂಮಿಯ ಮೇಲೆಯೇ ಉಳಿದಿಲ್ಲವೆಂದು 2011ರಲ್ಲಿ ಸಾರಿದರು. ಸಿಡುಬಿನ ತರುವಾಯ ಮನುಷ್ಯನು ಬೇರುಸಹಿತ ಕಿತ್ತ ಎರಡನೆಯ ರೋಗ ಅದು. ಈಗಿನ ಪೀಡೆ ಚರ್ಮಗಂಟು ರೋಗ. 2019ರಲ್ಲಿ ಒಡಿಶಾದಲ್ಲಿ ಕಂಡು, 2022ರಲ್ಲಿ ನಮ್ಮ ರಾಜ್ಯದಲ್ಲಿಯೂ ಎತ್ತು, ಆಕಳು, ಕರುಗಳನ್ನು ಕೊಂದಿತು. ಆಗ ಅದಕ್ಕೆಂದೇ ಮಾಡಿದ ಲಸಿಕೆ ಪಶುವೈದ್ಯರ ಕೈಯಲ್ಲಿರಲಿಲ್ಲ. ಹತ್ತಿರದ ಸಂಬಂಧಿಯಾದ ಆಡಿನ ಸಿಡುಬಿನ ಲಸಿಕೆಯನ್ನೇ ಹಾಕಿದರು. ಅಷ್ಟರಲ್ಲಿ ಹರಿಯಾಣದ ಹಿಸಾರಿನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನ ಕೇಂದ್ರದವರು ಕೆಲಸ ಹಿಡಿದಿದ್ದರು. (ಕುದುರೆಯ ಕೇಂದ್ರದಲ್ಲಿ ಆಕಳಿನ ಲಸಿಕೆ! ವಿದ್ಯೆಗೆ ಕೊಟ್ಟಿಗೆಯ ಭೇದವಿಲ್ಲ.) 2019ರಲ್ಲಿ ರಾಂಚಿಯ ಕಡೆಯ ರೋಗಿಷ್ಠ ದನಗಳಿಂದ ತೆಗೆದ ವೈರಸ್ಸನ್ನು ಗಾಜಿನ ಪಾತ್ರೆಯ ಜೀವಕೋಶಗಳಲ್ಲಿ ತಲೆಮಾರಿನ ಮೇಲೆ ತಲೆಮಾರು ಬೆಳೆಸಿ, ಅದರ ಸೊಕ್ಕು ಇಳಿಸಿ, ಬೇನೆ ತಾರದೆ ರಕ್ಷಣೆ ಮಾತ್ರ ಕೊಡುವಂತೆ ಮಾಡಿದರು. 2022ರ ಆಗಸ್ಟ್ 10ರಂದು ಆ ಲಸಿಕೆಯನ್ನು ಪ್ರಕಟಿಸಿದರು. ಅದನ್ನು ತಯಾರಿಸಿ ಮಾರಲು ಕೋಲಾರ ಜಿಲ್ಲೆಯ ಮಾಲೂರಿನ ಬಯೋವೆಟ್ ಕಂಪನಿಗೆ 2025ರ ಫೆಬ್ರುವರಿಯಲ್ಲಿ ಪರವಾನಗಿ ದೊರೆಯಿತು. ರಾಂಚಿಯ ಆ ದನದ ಒಡೆಯ ಯಾರೋ, ಅವನಿಗೆ ಈ ಸುದ್ದಿ ಮುಟ್ಟಿತೋ ಇಲ್ಲವೋ.

ಇಲ್ಲಿ ಒಂದು ಕಟುವಾದ ಮಾತು ಆಡಬೇಕಾಗಿದೆ, ಕ್ಷಮಿಸಬೇಕು. ಮೈಮೇಲೆ ಗಂಟು ಕಂಡ ಎತ್ತನ್ನು ಬೆಲೆ ಬೀಳುವ ಮೊದಲೇ ಸಂತೆಗೆ ಹೊಡೆದುಕೊಂಡು ಹೋಗುವುದುಂಟು. ನೊಣ, ಸೊಳ್ಳೆ, ಉಣ್ಣಿಗಳು ಈ ರೋಗವನ್ನು ಹೊರುತ್ತವೆ. ಸಂತೆಯಲ್ಲಿ ಒಂದು ಎತ್ತು ನಿಂತರೆ ಹತ್ತು ಊರಿಗೆ ಹಂಚಿಕೆ. ಹಾಗೆಯೇ ದನ ಇದ್ದಕ್ಕಿದ್ದಂತೆ ಸತ್ತು, ಮೂಗು ಬಾಯಿ ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರಿದರೆ ಅದನ್ನು ಕೊಯ್ಯಬೇಡಿರಿ, ಚರ್ಮ ಸುಲಿಯಬೇಡಿರಿ. ಅದು ನೆರಡಿ ರೋಗ, ಅಂದರೆ ಅಂಥ್ರಾಕ್ಸ್, ಇರಬಹುದು. ಮೈ ಸೀಳಿ ಗಾಳಿ ತಗುಲಿದರೆ ಅದರ ಸೂಕ್ಷ್ಮಜೀವಿ ಗಟ್ಟಿ ಕವಚ ತೊಟ್ಟು ಮಣ್ಣಿನಲ್ಲಿ ಹತ್ತಾರು ವರ್ಷ ಬದುಕುತ್ತದೆ. ಮುಟ್ಟಿದ ಮನುಷ್ಯರಿಗೂ ಹತ್ತುತ್ತದೆ. ಮಾದರಿಯನ್ನು ಪಶುವೈದ್ಯರೇ ತೆಗೆಯಲಿ. 1962 ನಂಬರಿಗೆ ಫೋನು ಮಾಡಿರಿ.

ಈಗ ನಮ್ಮ ಹತ್ತಿಗೆ ಬರುತ್ತೇನೆ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಇದು ನನ್ನ ವಿಷಯ, ತಮ್ಮ ಸಾಲವೂ ಇದರ ಮೇಲೆಯೇ ನಿಂತಿದೆ. ಬಿಟಿ ಹತ್ತಿಗೆ ನಮ್ಮ ದೇಶದಲ್ಲಿ ಅನುಮತಿ ದೊರೆತದ್ದು 2002ರಲ್ಲಿ. ಮಣ್ಣಿನ ಒಂದು ಸೂಕ್ಷ್ಮಜೀವಿಯ ಗುಣವನ್ನು ಗಿಡದೊಳಗೆ ಸೇರಿಸಿ, ಕಾಯಿ ತಿಂದ ಹುಳು ಸಾಯುವಂತೆ ಮಾಡಿದ್ದರು. 2006ರಲ್ಲಿ ಅಂಥ ಎರಡು ಗುಣಗಳಿರುವ ಬೀಜ ಬಂತು. ಕೆಲವು ವರ್ಷ ಎಲ್ಲರೂ ನೆಮ್ಮದಿಯಾಗಿದ್ದೆವು. ಆಮೇಲೆ ಗುಲಾಬಿ ಕಾಯಿಕೊರಕ ಎದ್ದಿತು. ಮೊದಲನೆಯ ಗುಣಕ್ಕೆ ಅದು ಒಗ್ಗಿಕೊಂಡಿದೆಯೆಂದು 2010ರಲ್ಲಿ ಗುಜರಾತಿನಿಂದ ವರದಿ ಬಂತು; 2015ರ ಸುಮಾರಿಗೆ ಎರಡನ್ನೂ ಜೀರ್ಣಿಸಿಕೊಂಡಿತ್ತು.

ಹೀಗೇಕಾಯಿತು? ಈ ಹುಳುವಿಗೆ ಹತ್ತಿಯೇ ಮುಖ್ಯ ಆಹಾರ. ಊರಿನ ಹೊಲವೆಲ್ಲ ಬಿಟಿಯೇ ಆದರೆ, ವಿಷ ತಿಂದೂ ಬದುಕಿದ ಗಂಡು ಹೆಣ್ಣುಗಳು ತಮ್ಮತಮ್ಮೊಳಗೇ ಕೂಡಿ ಅದೇ ಗುಣದ ಮರಿ ಹಾಕುತ್ತವೆ. ಅದನ್ನು ತಡೆಯಲೆಂದೇ 450 ಗ್ರಾಂ ಬೀಜದ ಪ್ಯಾಕೆಟ್ಟಿನೊಡನೆ 120 ಗ್ರಾಂ ಬಿಟಿಯಲ್ಲದ ಬೀಜವನ್ನು ಬೇರೆ ಚೀಲದಲ್ಲಿ ಕೊಡುತ್ತಿದ್ದರು. ಹೊಲದ ಸುತ್ತ ಅದನ್ನು ಬಿತ್ತಬೇಕಾಗಿತ್ತು. ಅದನ್ನು ಬಿತ್ತಿದವರು ಕೈ ಎತ್ತಿರೆಂದು ಸಭೆಯಲ್ಲಿ ಕೇಳಿದೆ. ನಕ್ಕರು. ಎರಡೇ ಕೈ ಮೇಲೆದ್ದವು.

ಗುಲಾಬಿ ಹುಳುವಿನ ಮೋಸವೆಂದರೆ ಅದು ಹೊರಗೆ ಕಾಣುವುದಿಲ್ಲ. ಮೊಟ್ಟೆಯಿಂದ ಹೊರಬಿದ್ದ ಮರಿ ಕೂಡಲೆ ಕಾಯಿಯೊಳಗೆ ಹೋಗುತ್ತದೆ. ಹೊಕ್ಕ ತೂತು ಮುಚ್ಚಿಹೋಗುತ್ತದೆ. ಒಳಗೆ ಬೀಜ ತಿಂದು, ಅರಳೆಗೆ ಕಲೆ ಹಚ್ಚಿ, ಎರಡು ಬೀಜಗಳನ್ನು ಜೋಡಿಸಿ ಅದರೊಳಗೆ ಮಲಗಿ ಮುಂದಿನ ಮಳೆಗಾಲ ಕಾಯುತ್ತದೆ. ರೈತನಿಗೆ ಗೊತ್ತಾಗುವುದು ಬಿಡಿಸುವಾಗ. ಆಗ ಔಷಧ ಹೊಡೆದರೆ ಔಷಧದ ಅಂಗಡಿಗೆ ಮಾತ್ರ ಲಾಭ.

ಇಲ್ಲಿ ಹೊಸ ಸಾಮಗ್ರಿಯ ಶೋಧ ನಮ್ಮ ನೆರವಿಗೆ ಬಂದಿದೆ. ಹೆಣ್ಣು ಪತಂಗ ರಾತ್ರಿ ಗಂಡನ್ನು ಕರೆಯಲು ಒಂದು ವಾಸನೆ ಬಿಡುತ್ತದೆ. ಅದು ಎರಡು ರಾಸಾಯನಿಕಗಳ ಹೆಚ್ಚುಕಡಿಮೆ ಸಮಪಾಲಿನ ಬೆರಕೆಯೆಂದು 1973ರಲ್ಲಿಯೇ ಕಂಡುಹಿಡಿದಿದ್ದರು. ಮೋಹಕ ಬಲೆಯಲ್ಲಿರುವುದು ಅದೇ. ಆದರೆ ಹೊಲದ ತುಂಬ ಅದನ್ನು ಹರಡಬೇಕಾದರೆ ನಮ್ಮ ರಾಯಚೂರಿನ ಬಿಸಿಲಿಗೆ ನಿಂತೀತೆ? ಅದಕ್ಕಾಗಿ ವಾಸನೆಯನ್ನು ತನ್ನಲ್ಲಿ ಹಿಡಿದಿಟ್ಟು ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಬಿಡುವ ಮೇಣದಂಥ ಮುದ್ದೆಯನ್ನೂ ಪ್ಲಾಸ್ಟಿಕ್ ಹುರಿಯನ್ನೂ ತಯಾರಿಸಿದ್ದಾರೆ. ಮುದ್ದೆಯನ್ನು ಗಿಡಕ್ಕೆ ಹಚ್ಚುವುದು, ಹುರಿಯನ್ನು ಗಿಡಕ್ಕೆ ಕಟ್ಟುವುದು. ಎತ್ತ ನೋಡಿದರೂ ಹೆಣ್ಣಿನ ವಾಸನೆಯೇ ಇರುವಾಗ ಗಂಡು ಪತಂಗ ನಿಜವಾದ ಹೆಣ್ಣನ್ನು ಕಾಣದೆ ಅಲೆದು ಸಾಯುತ್ತದೆ. ಕೂಡದ ಹೆಣ್ಣಿನ ಮೊಟ್ಟೆ ಒಡೆಯುವುದಿಲ್ಲ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು ಇಂಥ ಸಾಮಗ್ರಿಯನ್ನು ಹತ್ತಿ ಹೊಲಗಳಲ್ಲಿ ಪರೀಕ್ಷಿಸಿದ್ದಾರೆ.

ಆದರೆ ಒಬ್ಬರ ಎರಡೆಕರೆಗೆ ಕಟ್ಟಿದರೆ ಹಣ ದಂಡ. ಪಕ್ಕದ ಹೊಲದಲ್ಲಿ ಕೂಡಿದ ಹೆಣ್ಣು ಹಾರಿಬಂದು ನಮ್ಮಲ್ಲಿ ಮೊಟ್ಟೆ ಇಡುತ್ತದೆ. ಅಮೆರಿಕದವರು ತಮ್ಮ ಹತ್ತಿ ಸೀಮೆಯಿಂದ ಈ ಹುಳುವನ್ನು ಪೂರ್ತಿ ಕಿತ್ತುಹಾಕಿದ್ದೇವೆಂದು 2018ರಲ್ಲಿ ಸಾರಿದರು. ಅವರು ಬಿಟಿ ಬೀಜ, ಈ ವಾಸನೆ, ಸಂತಾನಶಕ್ತಿ ತೆಗೆದ ಪತಂಗಗಳು, ಕಟ್ಟಿಗೆಯ ನಾಶ, ಇವೆಲ್ಲವನ್ನೂ ಸೀಮೆಗೆ ಸೀಮೆಯೇ ಸೇರಿ ಮಾಡಿದರು. ನಮ್ಮಲ್ಲಿ ಒಂದೇ ಕಾಲುವೆಯ ಎರಡು ಬದಿಯವರು ಸೇರುವುದು ಕಷ್ಟ. ಹೊಸ ವರ್ಷ ಹುಟ್ಟಿದ ಮೇಲೂ ಮತ್ತೊಂದು ಬಿಡಿಸುವಿಕೆಯ ಆಸೆಗೆ ಗಿಡ ಉಳಿಸುತ್ತೇವೆ, ಹತ್ತಿಕಟ್ಟಿಗೆಯನ್ನು ಬೇಸಗೆಯುದ್ದಕ್ಕೂ ಬದುವಿನ ಮೇಲೆ ಒಟ್ಟುತ್ತೇವೆ. ಹುಳುವಿಗೆ ಅದು ಛತ್ರ.

ಮೆಣಸಿನಕಾಯಿಯದೂ ಇದೇ ಕಥೆ, ಚಿಕ್ಕದಾಗಿ ಹೇಳುತ್ತೇನೆ. 2021ರ ಹಂಗಾಮಿನಲ್ಲಿ ಹೂವಿನೊಳಗೆ ಕಪ್ಪು ನುಸಿ ತುಂಬಿ ಕಾಯಿ ಕಟ್ಟಲಿಲ್ಲ. ಎಲ್ಲರೂ ಹಳೆಯ ನುಸಿಯೆಂದೇ ತಿಳಿದು ಸಿಕ್ಕಸಿಕ್ಕ ಔಷಧ ಹೊಡೆದರು. ಅದು ಬೇರೆ ಜಾತಿಯ ಥ್ರಿಪ್ಸ್, ಹೊರದೇಶದಿಂದ ಬಂದದ್ದು; 2015ರಲ್ಲಿ ಬೆಂಗಳೂರಿನ ಪಪ್ಪಾಯಿಯಲ್ಲಿ ಮೊದಲು ಕಂಡಿತ್ತು. ಹುಳುವಿನ ಹೆಸರು ತಿಳಿಯುವ ಮೊದಲೇ ಎಷ್ಟೋ ಮನೆಗಳ ಹಣ ಡಬ್ಬಿಗಳಿಗೆ ಹೋಗಿತ್ತು.

ಕೊನೆಯದು ನೀರು. ದೇವದುರ್ಗದಿಂದ ಕೃಷ್ಣೆ ದಾಟಿದರೆ ಸುರಪುರ ಸೀಮೆ. ಅಲ್ಲಿ ಹಳೆಯ ಚಿನ್ನದ ಗಣಿಯ ಬಳಿಯ ಕಿರದಳ್ಳಿ ತಾಂಡಾದ ಜನರ ಅಂಗೈ ಅಂಗಾಲುಗಳಲ್ಲಿ ಚರ್ಮ ಗಟ್ಟಿಯಾಗಿ ಗಂಟು ಕಟ್ಟಿತ್ತು. ಕುಡಿಯುವ ನೀರನ್ನು ಪರೀಕ್ಷಿಸಿದಾಗ ಅದರಲ್ಲಿ ಆರ್ಸೆನಿಕ್, ಅಂದರೆ ಪಾಷಾಣ, ಸಿಕ್ಕಿತು. 2013ರಲ್ಲಿ ವಿಜ್ಞಾನ ಪತ್ರಿಕೆಯಲ್ಲಿ ಅದರ ವರದಿ ಬಂತು. ಒಂದು ಲೀಟರಿನಲ್ಲಿ 10 ಮೈಕ್ರೋಗ್ರಾಂ ಮೀರಬಾರದೆಂಬುದು ನಿಯಮ. ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಕುದಿಸಿದರೆ ಹೋಗುವುದೂ ಇಲ್ಲ. ಮದ್ರಾಸಿನ ಐ.ಐ.ಟಿ.ಯ ಪ್ರೊಫೆಸರ್ ಟಿ. ಪ್ರದೀಪ್ ಮತ್ತು ಅವರ ಸಂಗಡಿಗರು ಇದಕ್ಕೆ ಒಂದು ಸಾಮಗ್ರಿ ಮಾಡಿದ್ದಾರೆ. ಕಬ್ಬಿಣದ ತುಕ್ಕಿನ ಜಾತಿಯ ಅತಿ ಸಣ್ಣ ಕಣಗಳನ್ನು, ಸೀಗಡಿ ಏಡಿಗಳ ಚಿಪ್ಪಿನಿಂದ ಬರುವ ಕೈಟೋಸಾನ್ ಎಂಬ ವಸ್ತುವಿನಲ್ಲಿ ಹುದುಗಿಸಿ, ಮರಳಿನಂಥ ಹರಳು ಮಾಡಿದ್ದು. ನೀರು ಅದರ ಮೂಲಕ ಹರಿದರೆ ಪಾಷಾಣ ಅಲ್ಲಿಯೇ ಅಂಟುತ್ತದೆ. ಬಲು ಜಾಣತನದ ಕೆಲಸ. ಆದರೆ ಪಾಷಾಣಕ್ಕೆ ಮಾಡಿದ್ದು ನಮ್ಮ ಕಡೆಯ ಫ್ಲೋರೈಡಿಗೂ ಆಗುತ್ತದೆಂದು ನಂಬಬಾರದು. ಫ್ಲೋರೈಡಿಗೆ ಬೇರೆ ಉಪಾಯ. ಯಾವ ಬಾವಿಯಲ್ಲಿ ಏನಿದೆಯೆಂದು ತಿಳಿಯದೆ ಯಂತ್ರ ಕೊಳ್ಳುವುದು, ಬೇನೆ ಕೇಳದೆ ಗುಳಿಗೆ ನುಂಗಿದಂತೆ.

ನಾನು ಇಷ್ಟು ಹೇಳಿದ ಮೇಲೆ ಹಿರಿಯರೊಬ್ಬರು ಎದ್ದು ಕೇಳಿದರು: “ತಮ್ಮಾ, ನೀ ಹೇಳೂದು ಖರೆ. ನಮ್ಮ ಬೋರಿನ ನೀರು ಒಯ್ದು ಎರಡು ವರ್ಷಾತು. ಉತ್ತರ ಯಾರು ಕೊಡ್ತಾರ?” ಸಭೆಯಲ್ಲಿ ಯಾರೂ ನಗಲಿಲ್ಲ. ಅವರ ಮಾತು ನ್ಯಾಯವಾದದ್ದು. ಮಾದರಿ ಒಯ್ಯುವವರು ಉತ್ತರ ತರದಿದ್ದರೆ ಮುಂದಿನ ಸಲ ಜನ ಬಾಗಿಲು ಹಾಕಿಕೊಳ್ಳುತ್ತಾರೆ, ತಪ್ಪು ಜನರದಲ್ಲ. ಕೊಟ್ಟ ಮಾದರಿಗೆ ಒಂದು ನಂಬರು ಬರೆಸಿಕೊಳ್ಳಿರಿ, ತಾರೀಖು ಬರೆದಿಡಿರಿ, ತಿಂಗಳೊಳಗೆ ಉತ್ತರ ಬಾರದಿದ್ದರೆ ಗ್ರಾಮಸಭೆಯಲ್ಲಿ ಎದ್ದು ಆ ನಂಬರು ಓದಿರಿ. ಆ ಹಿರಿಯರ ಬೋರಿನ ನೀರನ್ನು ಹೊಸದಾಗಿ ತುಂಬಿ ಕಳಿಸುವುದೆಂದು ಅಲ್ಲಿಯೇ ಗೊತ್ತುಮಾಡಿದೆವು.

ಅದಕ್ಕಾಗಿ ಪಂಚಾಯತಿ ಕಟ್ಟೆಯಲ್ಲಿ ಒಂದು ವಹಿ ಇಟ್ಟಿದ್ದೇನೆ. ಎಡಗಡೆ ಮಾದರಿ ಹೋದ ದಿನ, ಬಲಗಡೆ ಉತ್ತರ ಬಂದ ದಿನ. ಯಾರು ಬೇಕಾದರೂ ತೆರೆದು ನೋಡಬಹುದು. ಹತ್ತಿ ಬೆಳೆದವರು ಎಕರೆಗೆ 20 ಹಸಿರು ಕಾಯಿಗಳನ್ನು ಹೊಲದ ನಾಲ್ಕೂ ಮೂಲೆ ಮತ್ತು ನಡುವಿನಿಂದ ಕಿತ್ತು ತರಬೇಕು. ಅಂದವಾದವುಗಳನ್ನೇ ಆರಿಸಬಾರದು. ಕಟ್ಟೆಯ ಮೇಲೆ ಎಲ್ಲರೆದುರಿಗೆ ಸೀಳಿ ನೋಡೋಣ. 20ರಲ್ಲಿ ಎರಡರೊಳಗೆ ಹುಳು ಕಂಡರೆ ಆ ಹೊಲಕ್ಕೆ ಉಪಾಯ ಮಾಡುವ ಹೊತ್ತು ಬಂದಿದೆ. ನೀರು ತರುವವರು ಬೋರನ್ನು ಐದು ನಿಮಿಷ ಓಡಿಸಿ, ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು ತುಂಬಿ, ಹೆಸರು ಮತ್ತು ಸರ್ವೆ ನಂಬರಿನ ಚೀಟಿ ಕಟ್ಟಿ ತರಬೇಕು. ಎಣ್ಣೆಯ ಬಾಟಲಿ ಬೇಡ.