ಲಸಿಕೆ ಹಾಕಿಸಿದರೂ ಕೋಳಿ ಸತ್ತದ್ದೇಕೆ?

(ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘವೊಂದರ ಸರ್ವಸದಸ್ಯರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಹಸುವಿನ ಡಾಕ್ಟರು ಕೋಳಿಯ ವಿಷಯ ಹೇಳಲು ನಿಂತಿದ್ದಾರಲ್ಲ ಎಂದು ಕೆಲವರಿಗೆ ನಗು ಬಂದಿರಬಹುದು. ಆದರೆ ಹಾಲು ಹಾಕುವ ಮನೆಗಳ ಹಿತ್ತಲಿನಲ್ಲಿ ನಾಲ್ಕು ಹೇಂಟೆ, ಒಂದು ಹುಂಜ ಇಲ್ಲದ ಮನೆ ಕಡಿಮೆ. ಹಾಲಿನ ಬಟವಾಡೆ ಬಂದ ದಿನವೇ ಹಿಂಡಿಯ ಬಾಕಿ, ಸಾಲದ ಕಂತು ಎಂದು ಕರಗಿ ಹೋಗುತ್ತದೆ. ಮೊಟ್ಟೆಯ ದುಡ್ಡು ಮಾತ್ರ ತಾಯಂದಿರ ಸೆರಗಿನ ಗಂಟಿನಲ್ಲಿ ಉಳಿಯುತ್ತದೆ. ಮಗುವಿನ ಪುಸ್ತಕಕ್ಕೋ ನೆಂಟರು ಬಂದಾಗಿನ ಖರ್ಚಿಗೋ ಆಗುವುದು ಅದೇ. ಬೇಸಿಗೆ ಬರುತ್ತಿದ್ದಂತೆ ಒಂದು ವಾರದಲ್ಲಿ ಊರಿನ ಕೋಳಿಗಳೆಲ್ಲ ತಿಪ್ಪೆ ಸೇರಿದರೆ ಆ ಗಂಟು ಬರಿದಾಗುತ್ತದೆ.

ಆ ರೋಗ ನಿಮಗೆಲ್ಲ ಗೊತ್ತು. ಕೊಕ್ಕರೆ ರೋಗ ಎನ್ನುತ್ತೇವೆ, ಪುಸ್ತಕದಲ್ಲಿ ರಾಣಿಖೇತ್ ರೋಗ. ಕೋಳಿ ಮಂಕಾಗುತ್ತದೆ, ಬಾಯಿ ತೆರೆದು ಉಸಿರಾಡುತ್ತದೆ, ಹಸಿರು ಬಿಳಿ ಭೇದಿ ಮಾಡುತ್ತದೆ. ಬದುಕಿ ಉಳಿದ ಕೆಲವಕ್ಕೆ ಕುತ್ತಿಗೆ ತಿರುಚಿಕೊಂಡು ರೆಕ್ಕೆ ಜೋಲು ಬೀಳುತ್ತದೆ. 1926ರಲ್ಲಿ ಜಾವಾ ದ್ವೀಪದಲ್ಲಿ ಮತ್ತು ಇಂಗ್ಲೆಂಡಿನ ನ್ಯೂಕ್ಯಾಸಲ್ ಎಂಬಲ್ಲಿ ಇದನ್ನು ಹೊಸ ರೋಗವೆಂದು ಗುರುತಿಸಿದರು. ನಮ್ಮ ದೇಶದಲ್ಲಿ ಕುಮಾವೂ ಬೆಟ್ಟಗಳ ರಾಣಿಖೇತದಲ್ಲಿ ಕಂಡುಬಂದದ್ದರಿಂದ ಆ ಊರಿನ ಹೆಸರೇ ಅಂಟಿಕೊಂಡಿತು. ಪಾಪ, ಆ ಊರಿನ ತಪ್ಪೇನೂ ಇಲ್ಲ. ಅದಕ್ಕೆ ಹತ್ತಿರದ ಮುಕ್ತೇಶ್ವರದ ಪಶುವೈದ್ಯ ಸಂಶೋಧನಾ ಸಂಸ್ಥೆಯಲ್ಲೇ 1940ರ ದಶಕದಲ್ಲಿ ಇದಕ್ಕೆ ಲಸಿಕೆಯೂ ಸಿದ್ಧವಾಯಿತು. ಇಂದಿಗೂ ದೊಡ್ಡ ಕೋಳಿಗಳ ರೆಕ್ಕೆಯಡಿ ಚುಚ್ಚುವುದು ಅದನ್ನೇ, ಆರ್ ಟು ಬಿ ಎನ್ನುತ್ತೇವೆ.

ಇದು ವೈರಾಣುವಿನಿಂದ ಬರುವ ರೋಗ. ಬಂದ ಮೇಲೆ ಔಷಧವಿಲ್ಲ. ಅಂಗಡಿಯಿಂದ ಕ್ಯಾಪ್ಸೂಲ್ ತಂದು ಬಿಡಿಸಿ ಕುಡಿಸುವವರಿದ್ದಾರೆ, ಬೆಳ್ಳುಳ್ಳಿ ಮೆಣಸು ಅರೆದು ಹಾಕುವವರಿದ್ದಾರೆ. ಅವುಗಳಿಂದ ಈ ವೈರಾಣು ಸಾಯುವುದಿಲ್ಲ. ಉಳಿದ ಒಂದೆರಡು ಕೋಳಿ ತಮ್ಮ ಶಕ್ತಿಯಿಂದ ಉಳಿದವು, ಹೆಸರು ಮಾತ್ರ ಔಷಧಕ್ಕೆ ಬಂತು.

ಹಾಗಾದರೆ ಲಸಿಕೆಯೊಂದೇ ದಾರಿ. ಆಗ ನೀವು ಕೇಳುವ ಪ್ರಶ್ನೆ ನನಗೆ ಗೊತ್ತು: "ಡಾಕ್ಟ್ರೇ, ಲಸಿಕೆ ಹಾಕಿಸಿದ್ವಿ, ಆದರೂ ಸತ್ತವಲ್ಲ?" ಈ ಪ್ರಶ್ನೆಗೆ ಉತ್ತರ ಕೊಡುವ ಮೊದಲು ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು.

ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ. ಒಂದು ಊರಿನಲ್ಲಿ ಕೋಳಿಗಳಿಗೆ ಲಸಿಕೆ ಹಾಕುವುದೆಂದು ದಿನ ಗೊತ್ತುಮಾಡಿದ್ದೆವು. ಥರ್ಮಾಸ್ ಫ್ಲಾಸ್ಕಿನಲ್ಲಿ ಮಂಜುಗಡ್ಡೆ ಹಾಕಿ ಲಸಿಕೆ ಹಿಡಿದು ಹೊರಟೆ. ದಾರಿಯಲ್ಲಿ ಬಸ್ಸು ಕೆಟ್ಟಿತು. ಬಿಸಿಲಿನಲ್ಲಿ ಕಾದು, ನಡೆದು, ಊರು ಮುಟ್ಟುವಾಗ ಮಧ್ಯಾಹ್ನ. ಫ್ಲಾಸ್ಕ್ ತೆರೆದರೆ ಮಂಜುಗಡ್ಡೆ ಇರಲಿ, ನೀರೂ ಬೆಚ್ಚಗಾಗಿತ್ತು. ಹೆಂಗಸರು ಬೆಳಗಿನಿಂದ ಕೋಳಿಗಳನ್ನು ಮಂಕರಿಯಡಿ ಮುಚ್ಚಿಟ್ಟುಕೊಂಡು, ಕೂಲಿ ಬಿಟ್ಟು ಕಾದಿದ್ದರು. ವಾಪಸು ಹೋಗುತ್ತೇನೆ ಎನ್ನಲು ಬಾಯಿ ಬರಲಿಲ್ಲ. ಎಂಬತ್ತಕ್ಕೂ ಹೆಚ್ಚು ಕೋಳಿಗೆ ಚುಚ್ಚಿದೆ. ಎರಡು ತಿಂಗಳಿಗೆ ರೋಗ ಬಂತು. ಬೆರಳೆಣಿಕೆಯಷ್ಟು ಮಾತ್ರ ಉಳಿದವು. ಒಬ್ಬ ಅಜ್ಜಿ ಸತ್ತ ಹೇಂಟೆಯನ್ನು ಕುಕ್ಕೆಯಲ್ಲಿಟ್ಟು ಡೇರಿಯ ಮುಂದೆ ತಂದಿಟ್ಟು, "ಸ್ವಾಮಿ, ನೀವು ಚುಚ್ಚಿದ್ದು ಯಾತಕ್ಕೆ?" ಎಂದು ಕೇಳಿದರು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅದಕ್ಕಿಂತ ದೊಡ್ಡ ನಷ್ಟ ಆಮೇಲೆ ಆಯಿತು. ಆ ಊರಿನಲ್ಲಿ ಹಲವು ವರ್ಷ ಕೋಳಿಗೆ ಲಸಿಕೆ ಎಂದರೆ ಬಾಗಿಲು ಹಾಕಿಕೊಂಡರು. ಕಾಲುಬಾಯಿ ಜ್ವರದ ಲಸಿಕೆಗೆ ಹೋದರೂ ಕೆಲವರು ಹಸುಗಳನ್ನು ಹೊಲಕ್ಕೆ ಹೊಡೆದುಬಿಡುತ್ತಿದ್ದರು. ಒಂದು ಬೆಚ್ಚಗಾದ ಫ್ಲಾಸ್ಕಿನಿಂದ ಇಷ್ಟೆಲ್ಲ.

ಹಾಲು ಕೆಟ್ಟರೆ ಮೂಗಿಗೆ ಗೊತ್ತಾಗುತ್ತದೆ, ಕಾಯಿಸಿದರೆ ಒಡೆಯುತ್ತದೆ. ಲಸಿಕೆ ಕೆಟ್ಟರೆ ಬಣ್ಣವೂ ಬದಲಾಗುವುದಿಲ್ಲ, ವಾಸನೆಯೂ ಇಲ್ಲ. ಕೃತಕ ಗರ್ಭಧಾರಣೆಯ ಕಡ್ಡಿ ನಿಮಗೆ ಗೊತ್ತಲ್ಲ, ಅದು ದ್ರವ ಸಾರಜನಕದಲ್ಲಿ ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಚಳಿಯಲ್ಲಿರಬೇಕು. ಜಾಡಿಯಲ್ಲಿ ಸಾರಜನಕ ಮುಗಿದರೆ ಕಡ್ಡಿ ನೋಡಲು ಹಾಗೇ ಇರುತ್ತದೆ, ಹಸು ಮಾತ್ರ ಗಬ್ಬವಾಗುವುದಿಲ್ಲ. ಕೊಕ್ಕರೆ ರೋಗದ ಈ ಲಸಿಕೆಯೂ ಜೀವಂತ ವೈರಾಣು, ದುರ್ಬಲ ತಳಿಯದು. ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಪುಡಿಗೆ ದ್ರಾವಣ ಬೆರೆಸಿದ ಮೇಲೆ ಮಂಜುಗಡ್ಡೆಯ ಮೇಲಿಟ್ಟುಕೊಂಡು ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಉಳಿದದ್ದನ್ನು ನಾಳೆಗೆ ಇಡುವಂತಿಲ್ಲ. ಸಿರಿಂಜನ್ನು ಡೆಟ್ಟಾಲಿನಲ್ಲಿ ತೊಳೆದರೆ ಲಸಿಕೆಯೂ ಅದರಲ್ಲೇ ಸಾಯುತ್ತದೆ, ನೀರಿನಲ್ಲಿ ಕುದಿಸಿ ಆರಿಸಬೇಕು. ದೊಡ್ಡ ಫಾರಂಗಳಲ್ಲಿ ಕುಡಿಯುವ ನೀರಿನಲ್ಲಿ ಲಸಿಕೆ ಕೊಡುವಾಗ ಬ್ಲೀಚಿಂಗ್ ಪುಡಿ ಬಿದ್ದ ನೀರು ಬಳಸುವುದಿಲ್ಲ. ಜೊತೆಗೆ ಕೆನೆ ತೆಗೆದ ಹಾಲಿನ ಪುಡಿ ಸ್ವಲ್ಪ ಬೆರೆಸುತ್ತಾರೆ, ಅದು ವೈರಾಣುವನ್ನು ಕಾಯುತ್ತದೆ. ನಿಮ್ಮ ಹಾಲು ಹೀಗೆ ಕೋಳಿಯನ್ನೂ ಉಳಿಸುತ್ತಿದೆ ಎನ್ನಿ.

ಲಸಿಕೆ ಚೆನ್ನಾಗಿದ್ದೂ ಕೋಳಿ ಸಾಯುವುದುಂಟು. ಪಕ್ಕದ ಮನೆಯಲ್ಲಿ ಎರಡು ಸತ್ತ ಮೇಲೆ ಓಡಿಬಂದು ಲಸಿಕೆ ಹಾಕಿಸುತ್ತೀರಿ. ವೈರಾಣು ಒಳಗೆ ಹೊಕ್ಕು ಲಕ್ಷಣ ಕಾಣಲು ಸಾಮಾನ್ಯವಾಗಿ ಐದಾರು ದಿನ, ಕೆಲವೊಮ್ಮೆ ಎರಡು ವಾರ ಹಿಡಿಯುತ್ತದೆ. ಲಸಿಕೆಯಿಂದ ಶಕ್ತಿ ಬರಲು ಒಂದೆರಡು ವಾರ ಬೇಕು. ಮೊದಲೇ ರೋಗ ಹೊಕ್ಕ ಕೋಳಿ ಚುಚ್ಚಿದ ಮೂರನೇ ದಿನ ಸಾಯುತ್ತದೆ, ಅಪವಾದ ಸೂಜಿಗೆ ಬರುತ್ತದೆ. ರೋಗ ಇಲ್ಲದಾಗಲೇ ಹಾಕಿಸಬೇಕು ಎಂದು ನಾವು ಗೋಗರೆಯುವುದು ಇದಕ್ಕೇ.

ಮರಿಗಳ ವಿಷಯ ಬೇರೆ. ಆರ್ ಟು ಬಿ ಸ್ವಲ್ಪ ಖಡಕ್ ಲಸಿಕೆ, ಆರು ವಾರದೊಳಗಿನ ಮರಿಗೆ ಚುಚ್ಚಿದರೆ ಲಸಿಕೆಯಿಂದಲೇ ಕಾಯಿಲೆ ಬರಬಹುದು. ಮರಿಗಳಿಗೆ ಎಫ್ ಅಥವಾ ಲಸೋಟ ಎಂಬ ಸೌಮ್ಯ ತಳಿ ಇದೆ. ಐದರಿಂದ ಏಳನೇ ದಿನದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ. ಅಷ್ಟಕ್ಕೇ ಕೈಬಿಡುವಂತಿಲ್ಲ. ಕರು ಗಿಣ್ಣು ಹಾಲಿನಿಂದ ತಾಯಿಯ ಶಕ್ತಿ ಪಡೆಯುವ ಹಾಗೆ ಮರಿಯೂ ಮೊಟ್ಟೆಯ ಹಳದಿಯಿಂದ ಪಡೆದಿರುತ್ತದೆ. ಆ ಶಕ್ತಿ ಲಸಿಕೆಯ ವೈರಾಣುವನ್ನೂ ಶತ್ರುವೆಂದು ಹೊಡೆಯುತ್ತದೆ. ಕಣ್ಣಿನ ಹನಿ ಕಣ್ಣಿನ ಹಿಂದಿನ ಗ್ರಂಥಿಯಲ್ಲೇ ಕೆಲಸ ಶುರುಮಾಡುವುದರಿಂದ ಅಷ್ಟು ಅಡ್ಡಿಯಾಗುವುದಿಲ್ಲ, ಆದರೆ ಅದರ ಬಲ ಬಹಳ ದಿನ ಬಾರದು. ಆದ್ದರಿಂದ ಎಂಟನೇ ವಾರದಲ್ಲಿ ರೆಕ್ಕೆಯಡಿ ಅರ್ಧ ಎಂ.ಎಲ್. ಆರ್ ಟು ಬಿ ಬೇಕೇ ಬೇಕು. ಆಮೇಲೆ ವರ್ಷಕ್ಕೊಮ್ಮೆಯಾದರೂ ಮತ್ತೆ. ಹೊಟ್ಟೆ ತುಂಬ ಜಂತುಹುಳ ಇರುವ ಕೋಳಿಗೆ ಲಸಿಕೆ ಸರಿಯಾಗಿ ಹತ್ತುವುದಿಲ್ಲ, ವಾರ ಮೊದಲು ಜಂತಿನ ಔಷಧ ಕುಡಿಸಿ.

ಇನ್ನೊಂದು ಮಾತು. ಈ ಲಸಿಕೆ ಈ ರೋಗಕ್ಕೆ ಮಾತ್ರ. ಜುಟ್ಟಿನ ಮೇಲೆ ಗುಳ್ಳೆ ಏಳುವ ಕೋಳಿ ಸಿಡುಬಿಗೆ ಬೇರೆ ಲಸಿಕೆ. ಸತ್ತದ್ದೆಲ್ಲ ಕೊಕ್ಕರೆ ರೋಗವೂ ಅಲ್ಲ. ಒಮ್ಮೆಲೇ ಬಹಳ ಕೋಳಿ ಸತ್ತರೆ ಹಕ್ಕಿಜ್ವರವೂ ಇರಬಹುದು, ಲಕ್ಷಣ ನೋಡಿ ಬೇರೆ ಮಾಡಲಾಗದು. 2012ರಲ್ಲಿ ಹೆಸರಘಟ್ಟದಲ್ಲಿ ಅದು ಬಂದದ್ದು ಕೆಲವರಿಗೆ ನೆನಪಿರಬಹುದು. ಬರಿಗೈಯಲ್ಲಿ ಮುಟ್ಟದೆ ಪಶು ಆಸ್ಪತ್ರೆಗೆ ಸುದ್ದಿ ಕೊಡಿ. ಸತ್ತದ್ದನ್ನು ಸುಣ್ಣ ಹಾಕಿ ಆಳವಾಗಿ ಹೂಳಿ. ಮಂಕಾದ ಕೋಳಿಯನ್ನು ಬಂದಷ್ಟು ಬರಲಿ ಎಂದು ಸಂತೆಗೆ ಒಯ್ಯುವುದು ನಡೆದೇ ಇದೆ. ನಿಮ್ಮ ಊರಿಗೂ ರೋಗ ಬಂದದ್ದು ಹಾಗೆ ಮಾರಿದ ಯಾರದೋ ಕೋಳಿಯಿಂದಲೇ ಇರಬೇಕು. ಮಾರಿಹಬ್ಬಕ್ಕೆ ಹೊರಗಿನಿಂದ ತಂದ ಹುಂಜವನ್ನು ನಿಮ್ಮ ಕೋಳಿಗಳ ಜೊತೆ ಬಿಡಬೇಡಿ.

ಲಸಿಕೆ ಹಾಕಿದ ಕೋಳಿ ಸಾಯದಿದ್ದರೂ ಅದರೊಳಗೆ ರೋಗದ ವೈರಾಣು ಸ್ವಲ್ಪ ಬೆಳೆದು ಹಿಕ್ಕೆಯಲ್ಲಿ ಹೊರಬೀಳಬಹುದು. ನನ್ನ ಮನೆಯದಕ್ಕೆ ಹಾಕಿಸಿದೆ, ಪಕ್ಕದವಳದ್ದು ಏನಾದರೇನು ಎಂದರೆ ಪಕ್ಕದವಳ ಕೋಳಿ ಸಾಯುತ್ತದೆ. ಜೊತೆಗೆ ಲಸಿಕೆಯ ಸೀಸೆ ಸಾಮಾನ್ಯವಾಗಿ ನೂರು ಕೋಳಿಯ ಲೆಕ್ಕದ್ದು. ಆರು ಕೋಳಿ ಇರುವ ಮನೆಯವರು ಒಂದು ಸೀಸೆ ತೆರೆದರೆ ಉಳಿದದ್ದೆಲ್ಲ ಚೆಲ್ಲಬೇಕು. ಹದಿನೈದು ಇಪ್ಪತ್ತು ಮನೆ ಸೇರಿದರೆ ಒಂದು ಹನಿಯೂ ವ್ಯರ್ಥವಿಲ್ಲ. ಹಾಲಿಗೆ ಸಂಘ ಕಟ್ಟಿದವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ.

ಕಾರ್ಯದರ್ಶಿಯವರ ಜೊತೆ ಮಾತಾಡಿದ್ದೇನೆ. ಬೆಳಗಿನ ಹಾಲು ಅಳೆಯುವಾಗ ಯಾರ ಮನೆಯಲ್ಲಿ ದೊಡ್ಡವು ಎಷ್ಟು, ಮರಿ ಎಷ್ಟು ಎಂದು ಬರೆಸಿ. ಗೊತ್ತಾದ ದಿನ ಬೆಳಿಗ್ಗೆ ಆರಕ್ಕೆ ನಾವು ಇಲ್ಲಿರುತ್ತೇವೆ, ಬಿಸಿಲೇರುವ ಮೊದಲು ಮುಗಿಸುತ್ತೇವೆ. ಕೋಳಿಗಳನ್ನು ಮಂಕರಿಯಿಂದ ಬಿಡಬೇಡಿ, ಬಿಟ್ಟರೆ ನಾನೂ ನೀವೂ ಬೇಲಿ ಹಾರಬೇಕಾಗುತ್ತದೆ. ಲಸಿಕೆಯ ಪೆಟ್ಟಿಗೆಯನ್ನು ನಿಮ್ಮ ಮುಂದೆಯೇ ತೆರೆಯುತ್ತೇನೆ, ಒಳಗೆ ಮಂಜುಗಡ್ಡೆ ಇದೆಯೇ ಎಂದು ಕೈಯಿಟ್ಟು ನೋಡಿ. ಕರಗಿ ನೀರಾಗಿದ್ದರೆ ನಾನು ಚುಚ್ಚುವುದಿಲ್ಲ, ನೀವೂ ಚುಚ್ಚಿಸಿಕೊಳ್ಳಬೇಡಿ. ಇನ್ನೊಂದು ದಿನ ಬರುತ್ತೇನೆ.